ಚಮಚ ಗಂಜಿ ಹಿಡಿದು ಕೂತವರು

ಎಲೆಗೆ ಸುಣ್ಣ ತೀಡಿ ತೀಡಿ ನನ್ನ ಅತ್ತೆಯ ತೋರುಬೆರಳ ತುದಿ ಬಿರುಕುಬಿಟ್ಟು ಬೆಳ್ಳಗಾಗಿತ್ತು. ಯುದ್ಧದ ಕಾಲದಲ್ಲಿ ನಾನು ಕುರುಗೋಡಿನಿಂದ ಸಿರುಗುಪ್ಪದ ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು. ಅತ್ತೆಯದು ಮಾತು ಕಡಿಮೆ. ನಾನು ರೊಟ್ಟಿ ಕರಕು ಮಾಡಿದರೆ ಬೈಯದೆ, ಅದನ್ನು ತಾವೇ ತಿಂದುಬಿಡುತ್ತಿದ್ದರು.

ಮರುವರ್ಷ ಬಸುರಾದೆ. ಎರಡನೇ ತಿಂಗಳಿಗೇ ವಾಂತಿ ಶುರುವಾಯಿತು. ಮೊದಲು ಒಗ್ಗರಣೆಯ ವಾಸನೆಗೆ, ಆಮೇಲೆ ಅನ್ನಕ್ಕೆ, ಕೊನೆಗೆ ಕುಡಿದ ನೀರಿಗೂ. ಶುಂಠಿ, ನಿಂಬೆ, ಜೀರಿಗೆ ಕಷಾಯ ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. “ತಂಬಾಕಿನ ವಾಸನಿ ಬರ್ತೈತ್ರಿ ಅತ್ತಿ” ಎಂದು ಮುಖ ತಿರುಗಿಸಿದ ದಿನ ಅವರು ತಮ್ಮ ಎಲೆಯ ಸಂಚಿಯನ್ನು ಪಕ್ಕದ ಮನೆಗೆ ಕೊಟ್ಟುಬಂದರು.

ನನ್ನನ್ನು ನೋಡಲು ಬಂದ ನೆರೆಯಾಕೆ, “ಬಸುರಿ ಕಾರೋದು ಇದ್ದದ್ದ. ಎಬ್ಬಿಸಿ ಕೆಲಸಕ್ಕ ಹಚ್ರಿ” ಎಂದಳು.

“ನನ್ನ ಮಗಳಿಗೂ ಹಿಂಗ ಅಂದಿದ್ದೆ” ಎಂದರು ಅತ್ತೆ. “ಬೀಸೋ ಕಲ್ಲಿನ ಮುಂದ ಕುಂದರಿಸಿದ್ದೆ. ನಾಕನೇ ತಿಂಗಳಿಗೆ ಹೋದ್ಲು.”

ನನ್ನ ನಾದಿನಿ ಹೇಗೆ ಸತ್ತಳೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ಅವರು ಉಪ್ಪು ಹಾಕಿದ ಗಂಜಿ ತಿಳಿ ಹಿಡಿದು ನನ್ನ ಪಕ್ಕ ಕೂತರು. ಒಂದು ಚಮಚ ಕುಡಿಸುವರು, ನಾನು ಕಾರುವೆ. ಬಾಯಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಚಮಚ. ಒಂದು ಮಧ್ಯಾಹ್ನ ವಾಂತಿಯಲ್ಲಿ ರಕ್ತದ ಎಳೆ ಬಂದಾಗ ಅವರು ಬಟ್ಟಲು ಕೆಳಗಿಟ್ಟರು. “ಏನ್ ಮಾಡ್ಲಿ ಯವ್ವಾ, ನನಗೇನೂ ತಿಳೀವಲ್ದು” ಎಂದು ಅತ್ತರು.

ಎದ್ದು ನಿಲ್ಲಲೂ ಆಗದಂತಾದಾಗ ಮಗನನ್ನು ಕರೆದು, “ಬಳ್ಳಾರಿಗೆ ನಡಿ” ಎಂದರು. ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ವಾಂತಿಯನ್ನು ಸೆರಗಿನಲ್ಲೇ ಹಿಡಿದರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಉಪ್ಪುನೀರು ಹತ್ತಿಸಿದರು. ಜೀವ ಉಳಿಯಿತು, ವಾಂತಿ ನಿಲ್ಲಲಿಲ್ಲ. ಹನ್ನೊಂದು ದಿನ ಅತ್ತೆ ಮಂಚದ ಪಕ್ಕದ ನೆಲ ಬಿಟ್ಟೇಳಲಿಲ್ಲ. ಐದನೇ ತಿಂಗಳಲ್ಲಿ ವಾಂತಿ ಬಂದಂತೆಯೇ ತಾನಾಗಿ ನಿಂತಿತು. ಯಾವುದರಿಂದ ಎಂದು ಯಾರಿಗೂ ತಿಳಿಯಲಿಲ್ಲ. ಹೆಣ್ಣು ಹುಟ್ಟಿತು.

ಆ ಕೂಸು ಸಾಲೆಗೆ ಹೋಗತೊಡಗಿದ ವರ್ಷ ಅತ್ತೆ ಹಾಸಿಗೆ ಹಿಡಿದರು. ಅವರ ಕಾಲೊತ್ತುತ್ತ, “ನನ್ನ ಉಳಿಸಿದಾಕಿ ನೀವ ರೀ” ಎಂದೆ.

“ನಾ ಏನ್ ಉಳಿಸಿದೆ?” ಎಂದು ಗೋಡೆಯ ಕಡೆ ತಿರುಗಿದರು. “ನನ್ನ ಮಗಳ ಹತ್ರ ಕುಂದರಲಿಲ್ಲ. ನಿನ್ನ ಹತ್ರ ಕುಂತೆ. ಅಷ್ಟ.”