ಮಣ್ಣುಮುಕ್ಕನ ಟಬ್ಬಿಗೆ ಒದ್ದೆ ಗೋಣಿ ಸುತ್ತಿದ ಬಗ್ಗೆ

ಸಾಸ್ವೆಹಳ್ಳಿಯ ವಾಚನಾಲಯದಲ್ಲಿ ಕೈಬರಹದ ಪತ್ರಿಕೆ ಓದುವ ಎಲ್ಲ ಮಾನ್ಯರಲ್ಲಿ ಜಗಳೂರಿನಿಂದ ಸರೋಜಮ್ಮ ಮಾಡಿಕೊಳ್ಳುವ ಸವಿನಯ ವಿಜ್ಞಾಪನೆ.

ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳಲ್ಲಿ ಪದೇಪದೇ ತಪ್ಪುತ್ತೇನೆ. ಕಚೇರಿಯ ಪತ್ರಗಳನ್ನು ನಕಲು ಮಾಡುತ್ತ ಕಲಿತ ಬರವಣಿಗೆ ಬಿಟ್ಟರೆ ಬೇರೆ ಬರವಣಿಗೆ ನನಗೆ ಬಾರದ ಕಾರಣ ಅದೇ ರೀತಿಯಲ್ಲಿ ನಿವೇದಿಸುತ್ತಿದ್ದೇನೆ. ಕ್ಷಮೆ ಇರಲಿ.

ಜಗಳೂರಿನಲ್ಲಿ ನನಗೆ ಬಾಡಿಗೆಗೆ ತೋರಿಸಲಾದ ಕೋಣೆಯಲ್ಲಿ ನನಗಿಂತ ಮೊದಲೇ ಒಂದು ಹಾವು ವಾಸವಾಗಿತ್ತು. ಬಾಗಿಲ ಪಕ್ಕದ ನೀಲಿ ಪ್ಲಾಸ್ಟಿಕ್ ಟಬ್ಬನ್ನು ನಾನು ಬಟ್ಟೆ ಒಗೆಯುವುದಕ್ಕೆಂದು ತಿಳಿದೆ. ಮುಚ್ಚಳದ ಹಲಗೆ ಸರಿಸಿದಾಗ ಮರಳಿನೊಳಗಿಂದ ಮೊಂಡು ಬಾಲವೊಂದು ನಿಧಾನವಾಗಿ ಒಳಕ್ಕೆ ಹೋಯಿತು.

ನನ್ನ ಯಜಮಾನರು ನಾಲೆಯ ತೂಬು ತೆರೆಯುವ ಕೆಲಸದಲ್ಲಿದ್ದು, ಕಲ್ಲಿನ ಸಂದಿಗೆ ಕೈ ಹಾಕಿದಾಗ ನಾಗರಹಾವು ಕಚ್ಚಿ, ಹೊನ್ನಾಳಿ ತಲುಪುವ ಮೊದಲೇ ತೀರಿಕೊಂಡ ಸಂಗತಿ ತಮಗೆಲ್ಲ ತಿಳಿದಿದೆ. ಅವರ ಬದಲಿಗೆ ಅನುಕಂಪದ ಆಧಾರದ ಮೇಲೆ ನನಗೆ ಗುಮಾಸ್ತೆಯ ಹುದ್ದೆ ಮಂಜೂರಾಯಿತು. ಚನ್ನಗಿರಿಯಲ್ಲಿ ಟೈಪಿಂಗ್ ಕಲಿತು, ಊರು ಬಿಟ್ಟು ಇಷ್ಟು ದೂರ ಬಂದೆ. ಒಂಟಿ ವಿಧವೆಗೆ ಮನೆ ಕೊಡಲು ಯಾರೂ ಒಪ್ಪಲಿಲ್ಲ. ಒಪ್ಪಿದವರು ನಿವೃತ್ತ ಶಿಕ್ಷಕರಾದ ಹಾಲಪ್ಪ ಮಾಸ್ತರು ಮಾತ್ರ. ಅವರ ಮನೆಯಲ್ಲಿ ಆ ಕೋಣೆಯೊಂದಕ್ಕೇ ಬಲ್ಬಿನ ಸಂಪರ್ಕವಿತ್ತು. ಹಾವಿಗೆ ಬಲ್ಬು ಬೇಕಿತ್ತು. ಆದ್ದರಿಂದ ಹಾವಿನೊಂದಿಗೆ ಇರುವುದಾದರೆ ಕೋಣೆ, ಇಲ್ಲವಾದರೆ ಇಲ್ಲ.

"ಹೆದರಬ್ಯಾಡ್ರಿ. ಇದು ಮಣ್ಣುಮುಕ್ಕ, ವಿಷ ಇಲ್ಲ. ನೇಗಿಲು ತಗಲಿ ಬಾಲ ಹೋಗೈತೆ. ಚಳಿಗೆ ಊಟ ಬಿಟ್ಟೈತೆ, ಪಾಪ" ಎಂದರು. ಪಾಪ ಎಂಬ ಮಾತು ನನ್ನ ಯಜಮಾನರಿಗೂ ಅಷ್ಟು ಮೃದುವಾಗಿ ದೊರೆತಿರಲಿಲ್ಲವೆಂದು ಆಗ ಅನ್ನಿಸಿತು.

ಬೇರೆ ದಾರಿ ಇಲ್ಲದೆ ಒಪ್ಪಿದೆ. ಟಬ್ಬನ್ನು ಸರಿಪಡಿಸುವಾಗ ನಾನೇ ಇಟ್ಟಿಗೆ ಎತ್ತಿಕೊಟ್ಟೆ. ನಾಲ್ಕು ಇಟ್ಟಿಗೆಗಳ ಮೇಲೆ ಟಬ್ಬು. ಒಂದು ತುದಿಯ ಕೆಳಗೆ ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ ಸಣ್ಣ ಬಲ್ಬು. ಪ್ಲಾಸ್ಟಿಕ್ಕು ಕರಗದಂತೆ ನಡುವೆ ಎರಡು ಬೆರಳು ಜಾಗ. ಒಳಗೆ ಜರಡಿ ಹಿಡಿದ ಮರಳು, ತಣ್ಣನೆಯ ತುದಿಯಲ್ಲಿ ನೀರಿನ ಮಣ್ಣಿನ ತಟ್ಟೆ, ಮೇಲೆ ಮೊಳೆಯಿಂದ ತೂತು ಹೊಡೆದ ಹಲಗೆ. ಕಾವು ಬೇಕಾದರೆ ಈ ಕಡೆ, ಬೇಡವಾದರೆ ಆ ಕಡೆ, ಆಯ್ಕೆ ಹಾವಿನದು. ಮರಳಿಗೆ ಚುಚ್ಚಿದ ಥರ್ಮಾಮೀಟರನ್ನು ಬೆಳಿಗ್ಗೆ ಸಂಜೆ ನೋಡಿ ವಹಿಯಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಪಕ್ಕದ ಮನೆಯ ಗಂಗಮ್ಮ ಕಿಟಕಿಯಲ್ಲಿ ಇಣುಕಿ, "ಗಂಡನ್ನ ತಿಂದ ಕುಲಾನ ಬಾಣಂತಿ ಹಂಗೆ ಕಾಯ್ಸ್ತಾಳೆ ನೋಡ್ರೇ" ಎಂದು ಬೀದಿಗೆ ಕೇಳುವಂತೆ ಹೇಳಿದಳು. ನಾನು ಆ ಹೊತ್ತಿನ ಅಂಕಿಯನ್ನು ವಹಿಯಲ್ಲಿ ಬರೆದೆ.

ನಮ್ಮಲ್ಲಿ ಬಾಗಿಲು ತೆರೆದರೆ ಹೊಳೆಯ ಗಾಳಿ. ಇಲ್ಲಿ ತುಟಿ ಒಡೆಸುವ ಒಣಗಾಳಿ. ಅಲ್ಲಿ ಅನ್ನ, ಇಲ್ಲಿ ಸಜ್ಜೆರೊಟ್ಟಿ, ಅದನ್ನು ಬಡಿಯಲು ಕಲಿಯುವಷ್ಟರಲ್ಲಿ ಅಂಗೈ ಸುಟ್ಟಿತು. ಕಚೇರಿಯಿಂದ ಬಂದರೆ ಮಾತಾಡುವವರಿಲ್ಲ. ವಹಿ ಬರೆಯುವಾಗ ಟಬ್ಬಿನ ಕಡೆಗೆ ನಾಲ್ಕು ಮಾತು ಹೇಳುವ ಅಭ್ಯಾಸ ನನಗೇ ತಿಳಿಯದೆ ಆಯಿತು. ಹಾವು ಮೊದಲ ಇಲಿಮರಿ ನುಂಗಿದ ದಿನ ಮಾಸ್ತರು ನನಗೆ ಬೆಲ್ಲ ಕೊಟ್ಟರು. ಈ ಊರಿನಲ್ಲಿ ನನಗೆ ದೊರೆತ ಮೊದಲ ಸಿಹಿ ಅದು.

ಮಾಗಿಯಲ್ಲಿ ಮಾಸ್ತರು ಮಗಳ ಮನೆಗೆಂದು ನ್ಯಾಮತಿಗೆ ಹೊರಟರು. ಕರೆಂಟು ಹೋದರೆ ಸೀಸೆಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಮರಳಿನ ಪಕ್ಕ ಇಡಲು ತಿಳಿಸಿದರು. ಮರುದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ರಜೆ ಹಾಕಿ ಸೀಸೆ ಬದಲಿಸುತ್ತ ಕುಳಿತೆ. ಮಧ್ಯಾಹ್ನ ಕಳೆದ ಮೇಲೆ ಸ್ಟೌವಿನ ಸೀಮೆಎಣ್ಣೆ ತೀರಿತು. ಗಂಗಮ್ಮನ ಬಾಗಿಲಿಗೆ ಹೋದೆ. "ಹಾವಿಗೆ ಎಣ್ಣೆ ಕೊಡಾಕೆ ನಮಗೇನು ಹುಚ್ಚಾ?" ಎಂದಳು. ಉಳಿದದ್ದು ಒಂದು ಚೆಂಬು ಬಿಸಿನೀರು.

ಆಗ ನನ್ನ ಕೈಗಳು ಸಾಸ್ವೆಹಳ್ಳಿಯವಾದವು. ಬಿತ್ತನೆ ಭತ್ತವನ್ನು ನೆನೆಸಿ, ಒದ್ದೆ ಗೋಣಿಯಲ್ಲಿ ಬಿಗಿದು, ಹುಲ್ಲು ಹೊದಿಸಿ ಕಲ್ಲು ಹೇರಿದರೆ ಒಳಗೆ ತಾನಾಗಿ ಕಾವು ಹುಟ್ಟುವುದನ್ನು ತಾವೆಲ್ಲ ಬಲ್ಲಿರಿ. ಮೊಳಕೆ ಕಟ್ಟಿದ ಗೋಣಿಗೆ ಕೈ ಹಾಕಿದರೆ ಜ್ವರದ ಮೈ ಮುಟ್ಟಿದಂತೆ ಇರುತ್ತದೆ. ಆ ಕಾವಿನ ಮೇಲೆ ನನಗೆ ಬಲ್ಬಿಗಿಂತ ಹೆಚ್ಚು ನಂಬಿಕೆ. ಗೋಣಿಯನ್ನು ಆ ಬಿಸಿನೀರಿನಲ್ಲಿ ಅದ್ದಿ ಟಬ್ಬಿಗೆ ಸುತ್ತಿದೆ. ಶೇಂಗಾ ಹೊಟ್ಟು ಹೊದಿಸಿ, ಮೇಲೆ ರುಬ್ಬುವ ಗುಂಡು ಇಟ್ಟೆ. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನೆಮ್ಮದಿಯಿಂದ ಮಲಗಿದೆ.

ಕಾವು ಹುಟ್ಟಿಸುವುದು ಗೋಣಿಯಲ್ಲ, ಭತ್ತ ಎಂಬುದು ಹೊಳೆಯಲಿಲ್ಲ. ಜಗಳೂರಿನಲ್ಲಿ ಒದ್ದೆ ಗೋಣಿಯನ್ನು ನೀರಿನ ಹರವಿಗೆ ಸುತ್ತುವುದು ನೀರು ತಣ್ಣಗಾಗಲೆಂದು. ಬಂದ ದಿನದಿಂದ ಅದನ್ನು ನಡುಮನೆಯಲ್ಲಿ ಕಣ್ಣಾರೆ ನೋಡಿದ್ದೆ. ಬೆಳಿಗ್ಗೆ ಗೋಣಿ ಮಂಜಿನಂತೆ ಕೊರೆಯುತ್ತಿತ್ತು. ಹಾವು ಮರಳಿನ ಮೇಲೆ, ಬಲ್ಬಿನ ಕಾವು ಇರಬೇಕಾದ ತುದಿಗೆ ಮೈ ಒತ್ತಿಕೊಂಡು ಸತ್ತಿತ್ತು. ಥರ್ಮಾಮೀಟರು ನೋಡಿ ವಹಿಯಲ್ಲಿ ಬರೆದೆ. ಬರೆಯದೆ ಬಿಡಲು ಧೈರ್ಯವಾಗಲಿಲ್ಲ.

ಮಾಸ್ತರು ಮರಳಿ ಬಂದು ವಹಿ ಓದಿದರು. ಗೋಣಿ ನೋಡಿದರು. ರುಬ್ಬುವ ಗುಂಡನ್ನು ಬಹಳ ಹೊತ್ತು ನೋಡಿದರು. ಭತ್ತದ ವಿಷಯ ಹೇಳಿದೆ. ಭತ್ತದ ಗದ್ದೆ ಕಾಣದ ಸೀಮೆಯವರು ಅವರು.

"ನಿಮ್ಮ ಯಜಮಾನರನ್ನ ಕಚ್ಚಿದ್ದು ಇದಲ್ಲ ತಾಯಿ" ಎಂದಷ್ಟೇ ಹೇಳಿ ಬಲ್ಬು ಬಿಚ್ಚಿಕೊಂಡು ಒಳಗೆ ಹೋದರು.

ಮನೆ ಬಿಡಿ ಎನ್ನಲಿಲ್ಲ. ಇರಿ ಎಂದೂ ಅನ್ನಲಿಲ್ಲ. ಈಗಲೂ ಅದೇ ಕೋಣೆಯಲ್ಲಿದ್ದೇನೆ. ಈ ಪತ್ರವನ್ನು ಸಂಜೆಯ ಬೆಳಕಿರುವಾಗಲೇ ಬರೆಯುತ್ತಿದ್ದೇನೆ.

ಯುಗಾದಿಗೆ ಊರಿಗೆ ಬಂದಾಗ ಭಾವನವರಿಗೆ ನಡೆದದ್ದನ್ನೆಲ್ಲ ತಿಳಿಸಿದೆ. ಭತ್ತ ಬೆಳೆಯುವವರು, ಅವರಿಗಾದರೂ ಅರ್ಥವಾಗುತ್ತದೆಂದು ಆಸೆಯಿತ್ತು. ಅವರು ಗಟ್ಟಿಯಾಗಿ ನಕ್ಕು, "ಚಲೋ ಮಾಡ್ದೆ ಬಿಡವ್ವ. ಗೋಣಿ ಕತೆ ಆ ಮಾಸ್ತರಿಗೆ ಹೇಳು, ನನಗಲ್ಲ. ನನ್ ತಮ್ಮನ ಜೀವ ತಣ್ಣಗಾತು" ಎಂದರು. ಆ ಮಾತು ವಾಚನಾಲಯದ ಕಟ್ಟೆಯವರೆಗೂ ಬಂದಿದೆಯೆಂದು ಕೇಳಿದ್ದೇನೆ. ನಾನು ಸೇಡು ತೀರಿಸಿಕೊಂಡವಳೆಂದು ಎರಡೂ ಊರಿನವರು ಒಪ್ಪಿದ್ದಾರೆ. ಇಲ್ಲಿ ಅದಕ್ಕೆ ಮುಖ ತಿರುಗಿಸುತ್ತಾರೆ, ಅಲ್ಲಿ ಬೆನ್ನು ತಟ್ಟುತ್ತಾರೆ. ಎರಡರ ನಡುವಿನ ಬಸ್ಸಿನಲ್ಲಿ ಕುಳಿತಾಗ ಮಾತ್ರ ನನ್ನನ್ನು ಯಾರೂ ಏನೂ ಅನ್ನುವುದಿಲ್ಲ.

ಈ ಬರಹದಲ್ಲಿ ತಪ್ಪುಗಳು ಕಂಡಲ್ಲಿ ಮಾನ್ಯರು ದಯಮಾಡಿ ತಿದ್ದಬೇಕಾಗಿ ಪ್ರಾರ್ಥನೆ. ಕಾಗುಣಿತ, ಒತ್ತಕ್ಷರ, ವಾಕ್ಯ, ಯಾವುದನ್ನಾದರೂ ತಿದ್ದಿರಿ. ಆ ಹಾವು ಬದುಕಲೆಂದೇ ನಾನು ಗೋಣಿ ಸುತ್ತಿದೆ. ಈ ಒಂದು ಸಾಲನ್ನು ಮಾತ್ರ ನಾನು ಬರೆದಂತೆಯೇ ಬಿಡಬೇಕಾಗಿ ಕೋರುತ್ತೇನೆ.