ವಾಟರ್‌ಮನ್ ಬೆಟ್ಟಯ್ಯನ ಅಲ್ಯೂಮಿನಿಯಂ ದೋಣಿ

ಗುಂಡ್ಲುಪೇಟೆಯ ಅರ್ಧ ಊರಿಗೆ ನೀರು ಬಿಡುತ್ತಿದ್ದವನು ಪುರಸಭೆಯ ವಾಟರ್‌ಮನ್ ಬೆಟ್ಟಯ್ಯ. ಸೈಕಲ್ಲಿಗೆ ಉದ್ದನೆಯ ವಾಲ್ವ್ ಕೀಲಿ ಕಟ್ಟಿಕೊಂಡು ಅವನು ಬೀದಿಗೆ ತಿರುಗಿದನೆಂದರೆ ಹೆಂಗಸರು ಕೊಡ ಹಿಡಿದು ನಲ್ಲಿಯತ್ತ ಓಡುತ್ತಿದ್ದರು. ಇಷ್ಟು ನೀರಿಗೆ ಯಜಮಾನನಾದರೂ ಅವನಿಗೆ ಈಜು ಬರುತ್ತಿರಲಿಲ್ಲ. ಈ ವಿಷಯ ಹೆಂಡತಿ ಗುರುಮಲ್ಲಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಂದರೆ ಬೀದಿಗೆಲ್ಲ ಗೊತ್ತಿತ್ತು.

ಬೆಟ್ಟಯ್ಯನಿಗೆ ಇದ್ದ ಒಂದೇ ಚಟ ಗಾಳ. ಭಾನುವಾರ ಬೆಳಗಿನ ಸರದಿ ಮುಗಿಸಿ ಕೆರೆ ಏರಿಯ ಮೇಲೆ ಬಿದಿರು ಕೋಲು ಹಿಡಿದು ಕೂತರೆ ಮಧ್ಯಾಹ್ನದ ತನಕ ಕದಲುತ್ತಿರಲಿಲ್ಲ. ಸಿಗುತ್ತಿದ್ದುದು ಅಂಗೈಯಗಲದ ಜಿಲೇಬಿ ಮೀನು. ಅವನ ಕಣ್ಣಿದ್ದುದು ಕೊರವ ಮೀನಿನ ಮೇಲೆ. ತೋಳಿನ ಗಾತ್ರ, ಹಾವಿನಂಥ ತಲೆ, ಕಪ್ಪೆ ಕಂಡರೆ ನೀರು ಸೀಳಿಕೊಂಡು ಮೇಲೆ ಹಾರುವ ಜಾತಿ. ಅದು ಇರುತ್ತಿದ್ದುದು ಕೆರೆಯ ನಡುವೆ, ತಾವರೆ ಎಲೆಗಳ ಅಡಿಯಲ್ಲಿ. ಬೆಟ್ಟಯ್ಯನ ದಾರ ಅಷ್ಟು ದೂರ ಹೋಗುತ್ತಿರಲಿಲ್ಲ.

ತೊಂಬತ್ನಾಲ್ಕರಲ್ಲಿ ಕೆರೆ ತುಂಬಿದ ವರ್ಷ, ಒಂದು ಹಳೇ ವಾಲ್ವ್ ಹುಡುಕಿಕೊಂಡು ಅವನು ಬಸ್‌ಸ್ಟ್ಯಾಂಡ್ ಹಿಂದಿನ ಮಲಯಾಳಿ ಕಾಕಾನ ಗುಜರಿ ಅಂಗಡಿಗೆ ಹೋದ. ಅಲ್ಲಿ ತಗಡಿನ ರಾಶಿಯ ಮೇಲೆ ಒಂದು ಅಲ್ಯೂಮಿನಿಯಂ ದೋಣಿ ಬೋರಲು ಬಿದ್ದಿತ್ತು. ವಯನಾಡಿನ ಯಾವುದೋ ಹೋಟೆಲಿನ ಕೊಳದಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುತ್ತಿದ್ದ ದೋಣಿ. ಪಕ್ಕದಲ್ಲಿ ಬಾತುಕೋಳಿಯ ಚಿತ್ರ ಇನ್ನೂ ಅಳಿಸಿರಲಿಲ್ಲ. ನಾಳೆ ಕತ್ತರಿಸಿ ಕರಗಿಸಲು ಕಳಿಸುವುದಿತ್ತು.

"ವೇಂಡಾ ಬೆಟ್ಟಯ್ಯಾ, ಬೇಡ. ಅಡೀಲಿ ತೂತು ಉಂಟು," ಎಂದ ಕಾಕಾ.

"ತೂತು ಮುಚ್ಚೋದೇ ನನ್ ಕೆಲ್ಸ ಕಣ ಕಾಕಾ," ಎಂದ ಬೆಟ್ಟಯ್ಯ. ಮನೆಯ ಹಿತ್ತಲಲ್ಲಿದ್ದ ತಾಮ್ರದ ಹಂಡೆ ಕೊಟ್ಟು ದೋಣಿಯನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದ. ಹಂಡೆ ಹೆಂಡತಿಯ ತವರಿನದು ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತೇ ಹೋಗಿತ್ತಂತೆ.

ಗುರುಮಲ್ಲಮ್ಮ ಕೂಗಾಡಲಿಲ್ಲ. ದೋಣಿಯ ಸುತ್ತ ಒಂದು ಸಲ ಬಂದು, "ನಾಳಿಂದ ಇದ್ರಲ್ಲೇ ನೀರು ಕಾಯಿಸ್ತೀನಿ ಬುಡು. ಇಬ್ರೂ ಒಟ್ಗೇ ಕೂತ್ಕಂಡು ಮೀಯಬೌದು," ಎಂದಳು.

ಬೆಟ್ಟಯ್ಯ ಗೆಳೆಯ ಮೂಗಯ್ಯನನ್ನು ಕರೆತಂದ. ಮೂಗಯ್ಯ ಬಸ್ಸು ಲಾರಿಗಳಿಗೆ ಟಿಂಕರಿಂಗ್ ಮಾಡುವವನು. ತಟ್ಟಿ ನೋಡದೆ ಯಾವ ತಗಡಿನ ಬಗ್ಗೆಯೂ ಮಾತಾಡುತ್ತಿರಲಿಲ್ಲ. ದೋಣಿಯನ್ನು ಉದ್ದಕ್ಕೂ ತಟ್ಟಿ, "ಇದ್ಕ ನನ್ ವೆಲ್ಡಿಂಗು ಇಡಿಯಲ್ಲ ಕಣ್ಲಾ. ತ್ಯಾಪೆ ಆಕಿ ರಿವಿಟ್ ಒಡೀಬೇಕು," ಎಂದ. ತೇಪೆ ಬಿತ್ತು, ಸಂದಿಗೆ ಡಾಂಬರು ಬಿತ್ತು. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಒಂದು ದೋಣಿಯಾಗಿ ಉಳಿಯುತ್ತಿತ್ತು.

ಆದರೆ ಬೆಟ್ಟಯ್ಯನ ತಲೆಯಲ್ಲಿ ಬೇರೆಯೇ ಒಂದು ದೋಣಿ ತೇಲುತ್ತಿತ್ತು. ಮುಂದುಗಡೆ ನಿಂತು ಗಾಳ ಬೀಸಲು ಪ್ಲೈವುಡ್ಡಿನ ಜಗಲಿ ಮಾಡಿಸಿದ. ಕಾಲು ಜಾರದಂತೆ ಅದರ ಮೇಲೆ ತೆಂಗಿನ ನಾರಿನ ಮ್ಯಾಟು. ಹಿಡಿದ ಮೀನು ಜೀವಂತ ಇರಲು ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಡ್ರಮ್ಮು. ಕೋಲು ಸಿಗಿಸಲು ಪಿವಿಸಿ ಪೈಪಿನ ನಾಲ್ಕು ತುಂಡು. ಆ ತಿಂಗಳು ಊರಲ್ಲಿ ಪೈಪ್ ರಿಪೇರಿ ಯಾಕೋ ಸ್ವಲ್ಪ ಜಾಸ್ತಿಯೇ ಆಯಿತು. ಹಿಂದುಗಡೆ, ಎಲ್ಲಕ್ಕಿಂತ ಎತ್ತರದಲ್ಲಿ, ಹಳೇ ವ್ಯಾನಿನ ಡ್ರೈವರ್ ಸೀಟು. ಆರು ಬೋಲ್ಟ್ ಹಾಕಿ ಬಿಗಿಸಿದರು. ಬಾತುಕೋಳಿಯ ಮೇಲೆ ಹಸಿರು ಬಣ್ಣ ಬಳಿದರು. ಮೂರು ತಿಂಗಳು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಜಾಗವಿರಲಿಲ್ಲ.

ಮೊದಲ ಭಾನುವಾರ ನಾಲ್ಕು ಜನ ಸೇರಿ ದೋಣಿಯನ್ನು ಕೆರೆಗಿಳಿಸಿದರು. ಬೆಟ್ಟಯ್ಯ ಕೈಮುಗಿದು, ಹತ್ತಿ, ಸೀಟಿನಲ್ಲಿ ಒರಗಿ ಕೂತ. ದೋಣಿಯ ಮೂತಿ ಮೆಲ್ಲಗೆ ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದಿತು. ಬೆಟ್ಟಯ್ಯ ಮೆಲ್ಲಗೆ ಹಿಂದಕ್ಕೆ ಹೋದ. ಬಿದ್ದದ್ದು ಸೊಂಟದುದ್ದ ನೀರಿಗೆ, ಆದರೂ "ಮುಳುಗ್ದೇ ಕಣ್ರಪ್ಪೋ" ಎಂದು ಕೂಗಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

"ಸೀಟು ಕೆಳಕ್ಕಿಳಿಸಿ ಮುಂದುಕ್ ಆಕನ ಕಣ್ಲಾ," ಎಂದ ಮೂಗಯ್ಯ. ಕೆಳಕ್ಕಿಳಿಸಲು ಬೆಟ್ಟಯ್ಯ ಒಪ್ಪಿದ, ಮುಂದಕ್ಕೆ ಹಾಕಲು ಒಪ್ಪಲಿಲ್ಲ. ಮುಂದೆ ಜಗಲಿ ಇತ್ತಲ್ಲ! ಅದರ ಬದಲು ಮೂತಿಯಲ್ಲಿ ಎರಡು ಮೂಟೆ ಮರಳಿಟ್ಟ. ಎರಡನೇ ಭಾನುವಾರ ದೋಣಿ ನೆಟ್ಟಗೆ ನಿಂತಿತು. ಆದರೆ ಗಾಳ ಬೀಸಲು ಅವನು ಜಗಲಿಗೆ ಬಂದ ಕೂಡಲೇ ಮೂತಿ ನೀರಿಗೆ ಮುಖ ತೊಳೆಯಲು ಬಗ್ಗಿತು. ಬೆಟ್ಟಯ್ಯ ಅಂಬೆಗಾಲಿಕ್ಕಿ ತೆವಳಿಕೊಂಡು ಹಿಂದಕ್ಕೆ ಬಂದ.

ಬೇಕಾಗಿದ್ದುದು, ಅವನು ಮುಂದೆ ಬಂದಾಗ ತಾನಾಗಿ ಹಿಂದೆ ಹೋಗುವಂಥ ಭಾರ. ಅಂಥ ಭಾರ ಯಾವುದೆಂದು ಎರಡು ದಿನ ಯೋಚಿಸಿ, ಊಟಕ್ಕೆ ಕೂತಾಗ ಹೆಂಡತಿಯನ್ನು ನೋಡಿದ.

"ಅಮ್ಮೀ, ಭಾನ್ವಾರ ಸುಮ್ನ ಗಾಳಿ ಕುಡ್ಕಂಡು ಬರನ, ಬತ್ತೀಯಾ?"

"ಮಳ್ಳು ಮೂಟೆ ಬದ್ಲಾಗಿ ನಾನಾ?" ಎಂದಳು ಗುರುಮಲ್ಲಮ್ಮ. ಸುದ್ದಿ ಆಗಲೇ ಮನೆಗೆ ಬಂದಿತ್ತು. ಆದರೂ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಹೊರಟಳು. ಚಂದಕವಾಡಿ ಕಡೆಯವಳು, ತವರಿನ ಕೆರೆಯಲ್ಲಿ ಈಜಿ ಬೆಳೆದವಳು. ಗಂಡನನ್ನು ಒಬ್ಬನೇ ನೀರಿಗೆ ಬಿಡಲು ಅವಳಿಗೂ ಧೈರ್ಯವಿರಲಿಲ್ಲ.

ಮೂರನೇ ಭಾನುವಾರ ದೋಣಿ ತಾವರೆ ಎಲೆಗಳ ತನಕ ಹೋಯಿತು. ಬೆಟ್ಟಯ್ಯ ಜಗಲಿಯ ಮೇಲೆ ನಿಂತ, ಗುರುಮಲ್ಲಮ್ಮ ಸೀಟಿನಲ್ಲಿ ಕೂತಳು. ಅವನು ಬೀಸಿದ ಗಾಳ ದೂರ ಹೋಗಿ ತಾವರೆ ದಂಟಿಗೆ ಸಿಕ್ಕಿತು. ಬಿಡಿಸಿ ಮತ್ತೆ ಬೀಸಿದ, ಮತ್ತೆ ದಂಟು. ಬೇಸರವಾಗಿ ಗುರುಮಲ್ಲಮ್ಮ ಪೈಪಿನಲ್ಲಿದ್ದ ಇನ್ನೊಂದು ಕೋಲು ತೆಗೆದು, ಕಪ್ಪೆ ಚುಚ್ಚಿದ್ದ ಗಾಳವನ್ನು ದೋಣಿಯ ಪಕ್ಕದಲ್ಲೇ, ಎರಡು ಎಲೆಗಳ ನಡುವೆ ಇಳಿಬಿಟ್ಟಳು.

ನೀರು ಧಡ್ಡೆಂದಿತು. ಕೋಲು ಬಿಲ್ಲಿನಂತೆ ಬಗ್ಗಿತು.

"ಎಳೀಬ್ಯಾಡ! ಬುಡು! ಅಲ್ಲ, ಎಳಿ! ಸಡ್ಲ ಬುಡಮ್ಮೀ!" ಬೆಟ್ಟಯ್ಯ ಕುಣಿದಾಡಿದ, ದೋಣಿಯೂ ಕುಣಿಯಿತು.

"ನೀನ್ ಮೊದ್ಲು ಕೂತ್ಕ!" ಎಂದು ಅವಳು ಗದರಿದಳು. ಅವನು ಕೂತ. ಅವಳು ದಾರ ಸುತ್ತಿಕೊಂಡು ಮೀನನ್ನು ಹತ್ತಿರಕ್ಕೆ ತಂದು, ಸೆರಗಿನಲ್ಲಿ ತಲೆ ಅಮುಕಿ, ಡ್ರಮ್ಮಿಗೆ ಹಾಕಿದಳು. ಮೂರು ಕೆ.ಜಿ.ಗೆ ಕಮ್ಮಿಯಿಲ್ಲದ ಕೊರವ.

ಬೆಟ್ಟಯ್ಯನಿಗೆ ಹಿಗ್ಗೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಏರಿಯ ಮೇಲೆ ಕೇಳಿದವರಿಗೆಲ್ಲ "ನಮ್ ದೋಣಿ ಇಡೀತು" ಎಂದ. ಮೀನು ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ. ಶನಿವಾರ ಸಂಜೆ ನೋಡಿದರೆ ಗದ್ದೆ ಬದುವಿನಲ್ಲಿ ಬಗ್ಗಿ, ಅವಳಿಗಾಗಿ ಕಪ್ಪೆ ಹಿಡಿಯುತ್ತಿದ್ದ.

ಆಮೇಲೆ ಸೀಟು ಗುರುಮಲ್ಲಮ್ಮನದೇ ಆಯಿತು. ಬೆಟ್ಟಯ್ಯ ಹುಟ್ಟು ಹಾಕುವವನಾದ. ಭಾನುವಾರ ಕೆಲವು ಬೀದಿಗಳಿಗೆ ನೀರು ಒಂದು ಗಂಟೆ ಮೊದಲೇ ಬಂದು ಮೊದಲೇ ನಿಲ್ಲುತ್ತಿತ್ತು; ನಿದ್ದೆಗಣ್ಣಲ್ಲಿ ಕೊಡ ಹಿಡಿದವರು ಗೊಣಗುತ್ತಿದ್ದರು. ಅವನಿಗೂ ಒಂದೆರಡು ಕೊರವ ಸಿಕ್ಕವು, ದೊಡ್ಡವು ಮಾತ್ರ ಅವಳಿಗೇ. ಕೆರೆ ಬತ್ತುವ ತನಕ, ಐದು ವರ್ಷ, ಹೀಗೇ ನಡೆಯಿತು. ಅಷ್ಟರಲ್ಲಿ ಅವನಿಗೆ ಈಜು ಕಲಿಸಲು ಅವಳು ಮೂರು ಸಲ ಪ್ರಯತ್ನಪಟ್ಟಳು. ಮೂರು ಸಲವೂ ಬೆಟ್ಟಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು, ಯಾವುದೋ ಬೀದಿಯಲ್ಲಿ ಪೈಪು ಒಡೆದಿದೆ ಎಂದು ನೆನಪು ಮಾಡಿಕೊಂಡು ಹೊರಟುಬಿಟ್ಟ.