ತಿಪ್ಪಯ್ಯನೂ ಹೊಸ ಜನರೇಟರೂ

ಹೊನ್ನವಳ್ಳಿಯ ತಿಪ್ಪಯ್ಯ ಪ್ರಾಯವೆಲ್ಲ ಕೊಬ್ಬರಿ ಲಾರಿ ಓಡಿಸಿದವನು. ತಿಪಟೂರಿನಲ್ಲಿ ಮೂಟೆ ತುಂಬಿಸಿಕೊಂಡು ಹೊರಟರೆ ದೆಹಲಿ, ಜೈಪುರ ಮುಟ್ಟಿಯೇ ತಿರುಗುತ್ತಿದ್ದ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟ ಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ತಿಪಟೂರಿಗೆ ಹೋಗುವನು. ಅಲ್ಲಿ ಏನೂ ಕೆಲಸವಿಲ್ಲದೆ ಅದೇ ಬಸ್ಸಿನಲ್ಲಿ ವಾಪಸಾಗುವನು. ಮನೆಗೆ ಬಂದರೆ ಅಂಗಳದ ಉದ್ದಕ್ಕೂ ಶತಪಥ. ಕೊನೆಗೆ ಹೆಂಡತಿ ಭೂತಮ್ಮನೇ ಗುರುಶಾಂತಮ್ಮನವರ ಬಳಿ ಹೋಗಿ, "ಏನಾದ್ರೂ ಕೆಲ್ಸ ಕೊಡಿ ಅಮ್ಮಾವ್ರೆ. ಇವ್ರು ಹಿಂಗೇ ಸುತ್ತುತ್ತಿದ್ರೆ ನನ್ ತಲೆ ಕೆಡುತ್ತೆ" ಎಂದಳು.

ಗುರುಶಾಂತಮ್ಮನವರದು ಊರಾಚೆ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆ. ಆಗಷ್ಟೇ ಹೊಸ ಡೀಸೆಲ್ ಜನರೇಟರ್ ಬಂದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ತಿಪ್ಪಯ್ಯನಿಗೆ ಸಿಕ್ಕಿತು.

ಹೊಸ ಎಂಜಿನ್ ಎಂದರೆ ಮೆಲ್ಲಗೆ ಪಳಗಿಸಬೇಕು ಎಂಬುದು ಅವನಿಗೆ ಲಾರಿಯಿಂದಲೇ ಗೊತ್ತಿತ್ತು. ಹಾಗಾಗಿ ಒಂದು ಮೋಟರನ್ನೂ ಜೋಡಿಸದೆ ಬೆಳಿಗ್ಗೆಯಿಂದ ಅದನ್ನು ಸುಮ್ಮನೆ ಓಡಲು ಬಿಟ್ಟ. ಮಧ್ಯಾಹ್ನ ಬಂದ ಜನರೇಟರ್ ಕಂಪನಿಯ ಹುಡುಗ ತಿಲಕ್ ಗಾಬರಿಯಾದ.

"ಯಾಕಣ್ಣ ಖಾಲಿ ಓಡಿಸ್ತಿದೀರಾ?"

"ಹೊಸದಲ್ವೇನಪ್ಪಾ. ಸುಸ್ತಾಗ್ದಿರ್ಲಿ ಅಂತ."

"ಲಾರೀಲಿ ನಿಧಾನಕ್ಕೆ ಹೋಗ್ತೀರಾ, ಸರಿ. ಇದು ಯಾವಾಗ್ಲೂ ಒಂದೇ ಸ್ಪೀಡು ಕಣಣ್ಣ. ಲೋಡ್ ಇಲ್ದಿದ್ರೆ ಪಿಸ್ಟನ್ ರಿಂಗು ಸರಿಯಾಗಿ ಕೂರಲ್ಲ, ಆಮೇಲೆ ಆಯಿಲ್ ಕುಡಿಯುತ್ತೆ. ಅರ್ಧಕ್ಕಿಂತ ಜಾಸ್ತಿನೇ ಕೆಲ್ಸ ಕೊಡಿ. ಫುಲ್ ಲೋಡ್ ಮಾತ್ರ ಬೇಡ. ಒಂದೇ ಸಮ ಇಡ್ಬೇಡಿ, ಏರಿಸಿ ಇಳಿಸಿ ಮಾಡ್ತಿರಿ. ಐವತ್ತು ಗಂಟೆ ಆದ್ಮೇಲೆ ನಾನೇ ಬಂದು ಆಯಿಲ್ ಬದಲಾಯಿಸ್ತೀನಿ."

ಅಂದಿನಿಂದ ತಿಪ್ಪಯ್ಯ ಕೂರಲೇ ಇಲ್ಲ. ಬೋರ್‌ವೆಲ್ ಮೋಟರ್ ಹಾಕಿಸುವನು, ಜರಡಿ ಯಂತ್ರ ನಿಲ್ಲಿಸುವನು, ಓಡಿ ಬಂದು ಎಂಜಿನ್ನಿನ ಬಿಸಿ ನೋಡುವನು, ಹೊರಗೆ ಹೋಗಿ ಹೊಗೆಯ ಬಣ್ಣ ನೋಡುವನು. ತನ್ನ ಕಣ್ಣನ್ನು ನಂಬದೆ ಪಕ್ಕದಲ್ಲಿದ್ದವರನ್ನು ಕೇಳುವನು, "ಹೊಗೆ ಕಪ್ಪಗೈತಾ, ನೋಡಿ ಹೇಳಿ." ಕಾಯಿ ಸಿಪ್ಪೆ ಹೆರೆಯುವ ಹೆಂಗಸರಿಗೆ ನಗು.

ಆ ವಾರ ಗಾಳಿಗೆ ಕಂಬಗಳು ಬಿದ್ದು ಬೆಳಿಗ್ಗೆಯೇ ಕರೆಂಟ್ ಹೋಯಿತು. ಒಳಗೆ ತುರಿದ ಕಾಯಿ ಒಣಗುತ್ತಿತ್ತು, ಹೆರೆದ ಕಾಯಿ ಇನ್ನೂ ರಾಶಿ ಬಿದ್ದಿತ್ತು. ಗುರುಶಾಂತಮ್ಮ ಬಿರಬಿರನೆ ಬಂದರು.

"ಎಲ್ಲಾ ಮೋಟರೂ ಹಾಕ್ಸಿ ತಿಪ್ಪಣ್ಣ. ತುರಿ ಹುಳಿ ಬಂದ್ರೆ ಯಾರೂ ಮುಟ್ಟಲ್ಲ."

"ಎಲ್ಲಾ ಒಂದೇ ಸಲ ಬೇಡ ಅಮ್ಮಾವ್ರೆ. ಒಣಗ್ಸೋದು ನಡೀಲಿ. ಅದು ಖಾಲಿಯಾಗೋವರ್ಗೂ ತುರಿಯೋದು ನಿಲ್ಸಣ."

"ರಾಶಿ ಕಾಯಿ ಏನ್ಮಾಡ್ಲಿ? ಅವಸರಕ್ಕೆ ಅಂತ ತಾನೇ ಇದನ್ನ ತಂದಿರೋದು?"

ಎಂಜಿನ್ ಕೆಟ್ಟರೆ ತನ್ನ ತಲೆಗೆ, ಕಾಯಿ ಕೆಟ್ಟರೂ ತನ್ನ ತಲೆಗೆ. "ನೀರಲ್ಲಿ ಮುಳುಗ್ಸಿಡ್ಲಿ. ಇವತ್ತೊಂದಿನ ನನ್ ಮಾತು ಕೇಳಿ" ಎಂದಷ್ಟೇ ಹೇಳಿದ. ಗುರುಶಾಂತಮ್ಮ ತುರಿಯುವ ಯಂತ್ರದ ಹತ್ತಿರ ಹೋಗಿ ಅದನ್ನು ತಾವೇ ನಿಲ್ಲಿಸಿದರು.

ಇಡೀ ದಿನ ಅವನು ಊಟಕ್ಕೂ ಹೋಗಲಿಲ್ಲ. ಒಣಗಿದ್ದು ಖಾಲಿಯಾದಂತೆ ಸ್ವಲ್ಪ ಸ್ವಲ್ಪವೇ ತುರಿಸಿದ. ಎಂಜಿನ್ನಿನ ಸದ್ದು ಒಂದಿಷ್ಟು ಭಾರವಾದರೂ ಒಂದು ಮೋಟರ್ ನಿಲ್ಲಿಸುತ್ತಿದ್ದ. ಹಗುರಾದರೆ ಮತ್ತೊಂದು ಮೋಟರಿನ ಕಡೆ ಓಡುತ್ತಿದ್ದ. ಸಂಜೆ ಕರೆಂಟ್ ಬರುವ ಹೊತ್ತಿಗೆ ತಳದ ಒಂದಿಷ್ಟು ಕಾಯಿ ಲೋಳೆಗಟ್ಟಿ ವಾಸನೆ ಬಂದಿತ್ತು. ಅದನ್ನು ಬಿಸಾಡಿಸಿದರು. ಉಳಿದದ್ದೆಲ್ಲ ಬೆಳ್ಳಗೆ ಪುಡಿಯಾಯಿತು.

ತಿಲಕ್ ಮತ್ತೆ ಬಂದು ಕರ್ರಗಿನ ಆಯಿಲ್ ಇಳಿಸಿ ಹೊಸದು ತುಂಬಿದ. "ಚೆನ್ನಾಗಿ ಪಳಗೈತೆ. ಇನ್ಮೇಲೆ ಕರೆಂಟ್ ಹೋದ್ರೆ ತಾನಾಗೇ ಸ್ಟಾರ್ಟ್ ಆಗುತ್ತೆ. ನೀವು ಪಕ್ಕದಲ್ಲಿ ನಿಂತಿರ್ಬೇಕಾಗಿಲ್ಲ" ಎಂದ.

ಒಳ್ಳೆಯ ಸುದ್ದಿ ಕೇಳಿ ತಿಪ್ಪಯ್ಯನ ಮುಖ ಸಣ್ಣದಾಯಿತು. ಮರುದಿನ ಜನರೇಟರ್ ಶೆಡ್ಡಿನ ಸುತ್ತ ಸುಮ್ಮನೆ ತಿರುಗುತ್ತಿದ್ದವನನ್ನು ಗುರುಶಾಂತಮ್ಮ ಕಿಟಕಿಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ಕರೆದು, "ಹುಳಿಯಾರ್ ಕಡೆ ತೋಟದಿಂದ ಕಾಯಿ ತರ್ಬೇಕು. ಗಾಡಿ ಜೊತೆ ಹೋಗಿ ಎಳೇ ಕಾಯಿ ಹಾಕ್ದಂಗೆ ನೋಡ್ಕೊಂಡ್ ಬನ್ನಿ" ಎಂದರು.

ಅವನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ. ಗಾಡಿ ಗೇಟು ದಾಟಿ ತಿರುವಿಗೆ ಬಂದಾಗ ಅವನ ಬಲಗಾಲು ಬ್ರೇಕ್ ಹಾಕುವಂತೆ ತಾನಾಗಿಯೇ ನೆಲವನ್ನು ಒತ್ತಿತು.